ಗೌರವ್ವನ ಗಂಟು

ಗೆಳೆಯರೇ, ಇವತ್ತು ನನ್ನ ಮಾಸ್ತರಿಕೆಯನ್ನು ಗೌರವ್ವ ಎಂಬ ನೇಕಾರ ಹೆಂಗಸು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟಳು.

ಬನಹಟ್ಟಿಯಲ್ಲಿ ನಾನು ನಡೆಸುವ ವಯಸ್ಕರ ವರ್ಗಕ್ಕೆ ಮಧ್ಯಾಹ್ನ ಮುಂಬೈ ಸರಕಾರದ ಸಾಹೇಬರು ತಪಾಸಣೆಗೆ ಬಂದಿದ್ದರು. ನಾನು ಗತ್ತಿನಿಂದ ಒಂದು ಕಥೆ ಓದಿದೆ. ಅದರಲ್ಲಿ ಅಣ್ಣತಮ್ಮಂದಿರು ಜಗಳಾಡಿ ಮಾತು ಬಿಡುತ್ತಾರೆ, ಕೊನೆಗೆ ಒಂದಾಗುತ್ತಾರೆ. ಆಮೇಲೆ ಕರಿಹಲಗೆಯ ಮೇಲೆ ಬರೆದೆ: 'ಕಥೆಯ ತೊಡಕೇ ಗಂಟು. ಅದನ್ನು ಬಿಚ್ಚಿದರೆ ಕಥೆ ಮುಗಿಯಿತು.'

"ಈ ಕಥಿಯೊಳಗ ಗಂಟು ಎಲ್ಲೈತಿ, ಹೇಳವಾ ಗೌರವ್ವ."

"ಕಡೀಕ ಐತ್ರಿ. ಇಬ್ರೂ ಕೂಡಿದ್ರಲ್ಲ, ಅಲ್ಲಿ."

"ಅಲ್ಲವಾ, ಜಗಳ ಆತಲ್ಲ, ಅದು ಗಂಟು."

"ಅದು ಎಳಿ ಹರದದ್ರಿ, ಮಾಸ್ತರ. ಹರದ ಎಳಿ ಕೂಡಸಾಕ ಗಂಟು ಹಾಕತೀವಿ. ನೀವು ಬಿಚ್ಚು ಅಂತೀರಿ. ಬಿಚ್ಚಿದ್ರ ಅಣ್ಣತಮ್ಮ ಮತ್ತ ಬ್ಯಾರೆ ಆಗತಾರಲ್ರಿ."

ವರ್ಗದ ನೇಕಾರ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು.

"ಪುಸ್ತಕದಾಗ ಹಿಂಗ ಬರದಾರವಾ," ಎಂದೆ.

"ಬರದವ್ರು ಮಗ್ಗದಾಗ ಕುಂತಿಲ್ಲ ಬಿಡ್ರಿ," ಎಂದಳು, ನನ್ನ ಮೇಲೆ ಮರುಕಪಟ್ಟು.

ನನ್ನ ಪರವಾಗಿ ಒಂದು ಮಾತಾಡಲಿ ಎಂದು ಸಾಹೇಬರ ಕಡೆ ನೋಡಿದೆ. ಅವರು ಉಟ್ಟ ಧೋತರವನ್ನು ಬೆರಳಲ್ಲಿ ಸವರುತ್ತ ಗಂಟು ಹುಡುಕುತ್ತಿದ್ದರು. ಒಂದು ಸಿಕ್ಕಿತು. ಎಳೆದು ನೋಡಿದರು. ಬಿಚ್ಚುವ ಧೈರ್ಯ ಮಾಡಲಿಲ್ಲ.

ಹೋಗುವಾಗ ಭೇಟಿಯ ಪುಸ್ತಕದಲ್ಲಿ ಬರೆದರು: 'ಗೌರವ್ವ ಚೆನ್ನಾಗಿ ಕಲಿಸುತ್ತಾರೆ. ಮಾಸ್ತರರು ಲಕ್ಷ್ಯಗೊಟ್ಟು ಕಲಿಯುತ್ತಿದ್ದಾರೆ.'