ಹೋಳಿಗೆಯ ದಿನ ಮಗಳು ತಂದ ಸುದ್ದಿ

ಆ ಮಧ್ಯಾಹ್ನ ನನ್ನ ಮಗಳು ಏನು ಹೇಳಿದಳು ಎಂಬುದು ನನಗೆ ಖಚಿತವಿಲ್ಲ. "ಅಪ್ಪಾ, ದಿಸ್ ಈಸ್ ನಾಟ್ ಚಾಡಿ" ಎಂದೇ ಮಾತು ಶುರುಮಾಡಿದಳೆಂದು ಹಲವರ ಮುಂದೆ ಹೇಳಿದ್ದೇನೆ. ಹೆಂಡತಿ ಒಪ್ಪುವುದಿಲ್ಲ. "ಅವಳು ನಿಮ್ಮ ಶರ್ಟ್ ಹಿಡಿದು ಎಳೆದ್ಲು ಅಷ್ಟೆ. ಉಳಿದದ್ದು ನೀವು ಸೇರಿಸಿದ್ದು" ಎನ್ನುತ್ತಾಳೆ. ಇರಬಹುದು. ಕಂಡದ್ದು ಯಾವುದು, ಹೇಳಿ ಹೇಳಿ ರೂಢಿಯಾದದ್ದು ಯಾವುದು ಎಂದು ಬೇರ್ಪಡಿಸುವುದು ಈಗ ನನ್ನಿಂದಾಗದು.

ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಪರಿಚಯದವರ ಮನೆಯ ಯುಗಾದಿ ಊಟ. ಮಗಳಿಗೆ ಆಗ ಐದು ವರ್ಷ, ಕಂಡವರ ಮೇಲೆಲ್ಲ ದೂರು ಹೇಳುವ ಕಾಲ. ಅಪ್ಪ ಹಲ್ಲುಜ್ಜಲಿಲ್ಲ ಎಂದು ಕಾರಿನಲ್ಲೇ ಅಮ್ಮನಿಗೆ ವರದಿಯಾಯಿತು. ನಾನು ಪಾಠ ಶುರುಮಾಡಿದೆ.

"ಒಬ್ಬರಿಗೆ ಬೈಸೋಕೆ ಅಂತ ಹೇಳಿದ್ರೆ ಅದು ಚಾಡಿ. ಯಾರಿಗೋ ನೋವಾಗತ್ತೆ ಅಂತ ಹೇಳಿದ್ರೆ ಚಾಡಿ ಅಲ್ಲ ಪುಟ್ಟಿ, ಅದನ್ನ ಓಡಿಬಂದು ಹೇಳ್ಬೇಕು."

"ನಾಟ್ ಬ್ರಶಿಂಗ್ ಹರ್ಟ್ಸ್ ಯುವರ್ ಟೀತ್."

ಹೆಂಡತಿ ನಕ್ಕಳು. "ಉತ್ತರ ಕೊಡಿ, ಪ್ರೊಫೆಸರೇ!"

ಗ್ಯಾರೇಜಿನಲ್ಲಿ ಜಮಖಾನ ಹಾಸಿ ದೊಡ್ಡವರಿಗೆ ಊಟ ಬಡಿಸಿದ್ದರು. ಮಕ್ಕಳನ್ನು ತಟ್ಟೆ ಕೊಟ್ಟು ಮಹಡಿಗೆ ಕಳಿಸಿದ್ದರು. ಅವರಲ್ಲೊಬ್ಬ ಹುಡುಗನಿಗೆ ಕಡಲೆಕಾಯಿ ಆಗದು. ಸ್ವಲ್ಪ ಬಾಯಿಗೆ ಹೋದರೂ ಉಸಿರು ಕಟ್ಟುತ್ತದೆ. ಮೈಸೂರಿನವರಾದ ಅವನ ತಾಯಿ ಚಿತ್ರಾನ್ನ ಕಂಡೊಡನೆ ಬೇಡವೆಂದು ಅವನ ತಟ್ಟೆ ಸರಿಸಿದ್ದರು. ಹೋಳಿಗೆಯ ಬಗ್ಗೆ ಮಾತ್ರ ವಿಚಾರಿಸಲಿಲ್ಲ. ಹೋಳಿಗೆ ಎಂದರೆ ಬೇಳೆಯದು, ಇಲ್ಲವೇ ಕಾಯಿಯದು. ನಮ್ಮ ಕಡೆಯ ಯಾರೂ ವಿಚಾರಿಸುತ್ತಿರಲಿಲ್ಲ.

ನಾನು ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಿದ್ದಾಗ ಮಗಳು ಬಂದಳು. ಆ ಹುಡುಗನ ತುಟಿ ದಪ್ಪಗಾಗಿದೆ, ಮಾತಾಡಿಸಿದರೆ ಮಾತಾಡುತ್ತಿಲ್ಲ ಎಂದಳು. ಇಷ್ಟನ್ನು ಹೆಂಡತಿಯೂ ಒಪ್ಪುತ್ತಾಳೆ.

ಮೇಲೆ ಹೋದೆ. ಹುಡುಗ ಗೋಡೆಗೊರಗಿ ಕೂತಿದ್ದ. ಗುರುತು ಸಿಗದಷ್ಟು ಮುಖ ಊದಿತ್ತು. ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಒಂದು ಮಾರು ದೂರದಲ್ಲಿ ಉಳಿದ ಮಕ್ಕಳು ಟಿವಿ ನೋಡಿ ನಗುತ್ತಿದ್ದರು. ನಾನು ಕೂಗಿಕೊಂಡಿರಬೇಕು, ಏಕೆಂದರೆ ಅವನ ತಾಯಿ ಓಡಿಬಂದರು. ಕೈಚೀಲದಿಂದ ಪೆನ್ನಿನಂಥ ಇಂಜೆಕ್ಷನ್ ತೆಗೆದು ಪ್ಯಾಂಟಿನ ಮೇಲಿಂದಲೇ ಅವನ ತೊಡೆಗೆ ಒತ್ತಿದರು. ಯಾರೋ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಿದ್ದರು.

"ಏನು ತಿಂದ ಇವ್ನು? ಹೋಳಿಗೆ ಬಿಟ್ರೆ ಏನೂ ಮುಟ್ಟಿಲ್ವಲ್ಲ!" ಎಂದರು ಅವನ ತಾಯಿ.

ಬಾಗಲಕೋಟೆ ಕಡೆಯವರಾದ ಮನೆಯಾಕೆ ಬಾಗಿಲಿಂದಲೇ ಕೂಗಿದರು. "ಅಯ್ಯೋ ಅಕ್ಕಾ, ಅದು ಶೇಂಗಾ ಹೋಳಿಗಿ ರೀ! ನಿಮ್ಮ ಕಡಲೆಕಾಯಿನೇ ರೀ ಅದು!"

ಹುಡುಗ ಉಳಿದ. ಆಸ್ಪತ್ರೆಯವರು ಮರುದಿನ ಮನೆಗೆ ಕಳಿಸಿದರು. ಇನ್ನೂ ತಡವಾಗಿದ್ದರೆ ಎಂದು ಅಲ್ಲಿನ ವೈದ್ಯೆ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದ್ದರಂತೆ.

ಕಾರಿನ ಪಾಠವೇ ಅವನನ್ನು ಉಳಿಸಿತೆಂದು ನಂಬಲು ನನಗೆ ಆಸೆ. ಆದರೆ ಪಾಠವಿಲ್ಲದೆಯೂ ಮಗು ಹೆದರಿ ಓಡಿಬಂದಿರಬಹುದು. ಅವಳನ್ನು ಕೇಳಿದಾಗೆಲ್ಲ "ಐ ಟೋಲ್ಡ್ ಆಂಟಿ ಫಸ್ಟ್" ಎನ್ನುತ್ತಿದ್ದಳು. ಯಾವ ಆಂಟಿ? ಆ ಮನೆಯಲ್ಲಿದ್ದವರೆಲ್ಲ ಆಂಟಿಯರೇ. ಮಕ್ಕಳೂ ನೆನಪನ್ನು ಕಟ್ಟಿಕೊಳ್ಳುತ್ತಾರೆ ಎಂದುಕೊಂಡೆ.

ಹುಡುಗನ ಮನೆಯವರು ಈಗ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದಾರೆ. ಹೋದ ವರ್ಷ ಅಲ್ಲಿಗೆ ಹೋದಾಗ, ಆ ಆಂಟಿ ಯಾರಿರಬಹುದೆಂದು ಅವನ ತಾಯಿಯನ್ನು ಕೇಳಿಯೇಬಿಟ್ಟೆ.

"ನನ್ಹತ್ರಾನೇ ಬಂದಿದ್ಲು ಅಣ್ಣಾ. ಹೋಳಿಗೆ ತಿಂದು ಕೆರ್ಕೋತಿದಾನೆ ಅಂದ್ಲು. ಹೋಳಿಗೆ ತಾನೇ, ತಿನ್ಲಿ ಬಿಡು, ಚಾಡಿ ಹೇಳ್ಬಾರ್ದು ಅಂದೆ. ಸುಮ್ನೆ ಮೆಟ್ಲು ಹತ್ತಿ ಹೋದ್ಲು."

ಹಾಗಾದರೆ ಇಷ್ಟು ನಿಜ: ಗದರಿಸಿಕೊಂಡ ಮೇಲೂ ಅವಳು ಮಹಡಿಗೆ ಹೋಗಿ, ಅವನನ್ನು ಇನ್ನೊಮ್ಮೆ ನೋಡಿ, ಮತ್ತೆ ಕೆಳಗಿಳಿದು ಬಂದಿದ್ದಳು.