ಅಂಗಿಯ ಮೇಲಷ್ಟೇ ಮತದಾನ

ಅಮೆರಿಕದ ಸೆರಿಟೋಸ್‌ನ ಈ ಮನೆಯಲ್ಲಿ ನಾನೇ ಹಿರಿಯಳು. ಓದಿದ್ದು ಹೈಸ್ಕೂಲಾದರೂ ಇದುವರೆಗೆ ಇಲ್ಲಿ ನಡೆದದ್ದು ನನ್ನ ಮಾತು. ಗೆಳತಿಯರೇ, ಇವತ್ತು ನಡೆಯಲಿಲ್ಲ.

ಮಗನದು ಒಂದು ಪಕ್ಷ, ಸೊಸೆಯದು ಇನ್ನೊಂದು. ಊಟದ ಮೇಜಿನಲ್ಲಿ ಸಾರು ಆರಿದರೂ ಇವರ ಜಗಳ ಆರುವುದಿಲ್ಲ. ಇವತ್ತು ಮತದಾನಕ್ಕೆ ಕೊನೆಯ ದಿನ. ಬೆಳಿಗ್ಗೆ ಇಬ್ಬರೂ ‘ನಾನು ಮತ ಹಾಕಿದೆ’ ಎಂಬ ಸ್ಟಿಕ್ಕರನ್ನು ಎದೆಗೆ ಅಂಟಿಸಿಕೊಂಡು ಫೋಟೊ ಹಾಕಿದ್ದರು. ನನಗೂ ಹೆಮ್ಮೆಯಾಗಿತ್ತು.

ಸಂಜೆ ಮೇಜು ಒರೆಸುವಾಗ ಇಬ್ಬರ ಮತಪತ್ರಗಳೂ ಖಾಲಿಯಾಗಿಯೇ ಸಿಕ್ಕವು. ಇಲ್ಲಿ ಅಂಚೆಯಲ್ಲಿ ಮನೆಗೇ ಬರುವ ಮತಪತ್ರದ ಜೊತೆಗೆ ಸ್ಟಿಕ್ಕರೂ ಇರುತ್ತದೆ. ಅದನ್ನಷ್ಟೇ ತೆಗೆದುಕೊಂಡಿದ್ದಾರೆ.

“ಇದೇನೋ?” ಎಂದೆ.

“ಟೈಮ್ ಸಿಗ್ಲಿಲ್ಲಮ್ಮ. ಹೇಗೂ ಇಲ್ಲಿ ಇವಳ ಪಾರ್ಟಿನೇ ಗೆಲ್ಲೋದು” ಎಂದ ಮಗ.

“ಹೇಗೂ ಗೆಲ್ಲತ್ತಲ್ಲ ಅತ್ತೆ, ಮತ್ತೆ ನಾನ್ಯಾಕೆ ಹಾಕ್ಬೇಕು?” ಎಂದಳು ಸೊಸೆ.

ರಾಜಕೀಯದಲ್ಲಿ ಇವರಿಬ್ಬರೂ ಒಪ್ಪಿದ ಮೊದಲ ಮಾತು ಇದು.

“ಇನ್ನೂ ಹೊತ್ತಿದೆ. ಲೈಬ್ರರಿ ಮುಂದೆ ಮತಪೆಟ್ಟಿಗೆ ಇಟ್ಟಿದ್ದಾರೆ, ಏಳಿ.”

“ಪೂರ್ವದ ಸ್ಟೇಟ್‌ಗಳಲ್ಲಿ ವೋಟಿಂಗ್ ಮುಗಿದು ಟಿವಿಲಿ ರಿಸಲ್ಟ್ ಬರ್ತಿದೆ, ಸುಮ್ನಿರಮ್ಮ.”

ಈ ದೇಶದ ಪ್ರಜೆಯಾಗಲು ಈ ವಯಸ್ಸಿನಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದವಳು ನಾನು. ಹುಟ್ಟಿದ ನಾಡಿನ ಮತದ ಹಕ್ಕು ಬಿಟ್ಟುಕೊಟ್ಟು ಪಡೆದ ಹಕ್ಕು ಇದು. ನನ್ನ ಮಕ್ಕಳಿಗೇ ಅದರ ಬೆಲೆ ತಿಳಿಸಲಾರದೆ ಹೋದೆ.

ಒಬ್ಬಳೇ ನಡೆದುಹೋಗಿ ನನ್ನ ಮತಪತ್ರದ ಕವರನ್ನು ಪೆಟ್ಟಿಗೆಗೆ ಹಾಕಿ ಬಂದೆ. ಬಂದು ಟಿವಿ ಆರಿಸಿ, ರಿಮೋಟನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ. ಮತ ಹಾಕದವರಿಗೆ ನನ್ನ ಮನೆಯಲ್ಲಿ ಫಲಿತಾಂಶವೂ ಇಲ್ಲ.

ಇಬ್ಬರೂ ಈಗ ಫೋನಿನಲ್ಲಿ ನೋಡುತ್ತ ಜಗಳವಾಡುತ್ತಿದ್ದಾರೆ. ಎದೆಯ ಮೇಲಿನ ಸ್ಟಿಕ್ಕರನ್ನು ಇನ್ನೂ ತೆಗೆದಿಲ್ಲ.