ಬೂಷ್ಟು ಹಿಡಿದ ರೀಲಿನಲ್ಲಿ ಎರಡು ಹೆಸರು

ಬೆಳಗಿನ ಐದೂಮುಕ್ಕಾಲು. ಶಿರಸಿಯ ಯಲ್ಲಾಪುರ ನಾಕಾದ ಹತ್ತಿರದ ಓಣಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ. ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಮಮತಾ ನಾಯ್ಕ ಕೈ ತೊಳೆದು, ಒರೆಸಿ, ಎರಡು ನಿಮಿಷ ಬೆರಳುಗಳನ್ನು ಗಾಳಿಗೆ ಹಿಡಿದು ನಿಲ್ಲುತ್ತಾರೆ. ನೀರಿನ ಪಸೆ ಚೂರೂ ಇರಬಾರದು. ಆಮೇಲೆ ಊಟದ ತಟ್ಟೆಯಷ್ಟು ಅಗಲದ ಟೇಪ್ ರೀಲನ್ನು ಯಂತ್ರಕ್ಕೆ ಏರಿಸಿ, ಸ್ಪಿರಿಟ್ ಸವರಿದ ಮೆತ್ತನೆಯ ಬಟ್ಟೆಯ ನಡುವೆ ಟೇಪು ಹಾದುಹೋಗುವಂತೆ ನಿಧಾನವಾಗಿ ತಿರುಗಿಸುತ್ತಾರೆ. ಬಿಳಿ ಬಟ್ಟೆ ನೋಡನೋಡುತ್ತಲೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೂವತ್ತು ಚಿಲ್ಲರೆ ಮಳೆಗಾಲಗಳ ಬೂಷ್ಟು.

"ಎಂಟು ಹೊಡದ್ರ ಕೆಳಗಿನ ಹಿಟ್ಟಿನ ಗಿರಣಿ ಶುರು ಆಗ್ತೈತ್ರಿ. ಆವಾಗ ವೋಲ್ಟೇಜ್ ಕುಣೀತೈತಿ, ಅದರ ಜೋಡಿ ಹಾಡೂ ಕುಣೀತೈತಿ. ಅದ್ಕ ನಾ ನಸುಕಿನಾಗ ಬರ್ತೀನಿ" ಎನ್ನುತ್ತಾರೆ. ಕಣ್ಣು ಮಾತ್ರ ಟೇಪಿನ ಮೇಲೇ.

ಐವತ್ತೊಂಬತ್ತರ ಮಮತಾ ದಾಸನಕೊಪ್ಪದವರು. ದಿನಕ್ಕೆ ಹೆಚ್ಚೆಂದರೆ ಎರಡು ರೀಲು ಅವರ ಲೆಕ್ಕ. ಒದ್ದೆಯಾಗಿ ಅಂಟಿಕೊಂಡ ರೀಲಿದ್ದರೆ ಒಂದೇ. ಅಂಥದ್ದನ್ನು ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ ಎಂಟು ತಾಸು ಹದವಾಗಿ ಬಿಸಿ ಮಾಡಿ, ಒಂದು ದಿನ ಆರಲು ಬಿಟ್ಟು, ಮಾರನೆಯ ಬೆಳಿಗ್ಗೆ ಕಂಪ್ಯೂಟರಿಗೆ ಇಳಿಸುತ್ತಾರೆ. ಏಳು ವರ್ಷಗಳಲ್ಲಿ ಎರಡು ಸಾವಿರದ ನೂರು ರೀಲು ಹೀಗೆ ಜೀವ ಪಡೆದಿವೆ. ಕಪಾಟುಗಳಲ್ಲಿ ಇನ್ನೂ ಸಾವಿರದ ನಾನೂರು ಕಾಯುತ್ತಿವೆ.

ಈ ರೀಲುಗಳ ಒಡೆತನ ಮುಂಬೈಯ ಗಗನನಾದ ಸಮೂಹದ್ದು. ತೊಂಬತ್ತು ವರ್ಷಗಳ ಹಿಂದೆ ಒಂದು ಗಿರಣಿಯ ಶೆಡ್ಡಿನಲ್ಲಿ ಗ್ರಾಮಫೋನ್ ತಟ್ಟೆ ಒತ್ತುತ್ತಿದ್ದ ಕಂಪನಿ ಅದು. ತಟ್ಟೆಯ ಕಾಲ ಮುಗಿದಾಗ ಕ್ಯಾಸೆಟ್ಟಿಗೆ ಬಂತು, ಕ್ಯಾಸೆಟ್ ಮುಗಿದಾಗ ಸಿ.ಡಿ.ಗೆ ಹೋಯಿತು. ದಾರಿಯಲ್ಲಿ ಸಿಕ್ಕ ಹದಿನೇಳು ಸಣ್ಣ ಕಂಪನಿಗಳನ್ನು ಒಂದೊಂದಾಗಿ ನುಂಗಿತು. ಈಗ ಅದಕ್ಕೆ ಕಾರ್ಖಾನೆಯೇ ಇಲ್ಲ, ಹಾಡೆಲ್ಲ ಮೊಬೈಲಿನಲ್ಲಿ. ಹಾಗೆ ನುಂಗಿಸಿಕೊಂಡವುಗಳಲ್ಲಿ ಒಂದು ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿ. ಆ ಕಂಪನಿ ಅದಕ್ಕೂ ಮೊದಲು ತನ್ನ ಹೊಟ್ಟೆಗೆ ಹಾಕಿಕೊಂಡಿದ್ದು ಶಿರಸಿಯ 'ಕೆಂಗ್ರೆ ಕ್ಯಾಸೆಟ್ಸ್' ಅನ್ನು.

ಕೆಂಗ್ರೆಯನ್ನು ಕಟ್ಟಿದವರು ದಿನಕರ ಹೆಗಡೆ. ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಸಿದ್ದಾಪುರ, ಯಲ್ಲಾಪುರದ ಹಳ್ಳಿ ಹಳ್ಳಿ ತಿರುಗಿ ತಾಳಮದ್ದಲೆ, ಭಜನೆ, ಹೆಂಗಸರ ಹಾಡು, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಬರುತ್ತಿದ್ದರು. ೧೯೮೪ರಲ್ಲಿ ಮಮತಾ ಹದಿನೆಂಟರ ಹುಡುಗಿಯಾಗಿ ಇಲ್ಲಿ ಸೇರಿದ್ದು ಕ್ಯಾಸೆಟ್ ಕೇಳಿ ಪರೀಕ್ಷಿಸುವ ಕೆಲಸಕ್ಕೆ. "ಹೆಗಡೇರು ಬಾಗ್ಲಾಗ ನಿಂತು, 'ಎಂತದೇ ಮಮತಾ, ಇದ್ರ ಕಾಯಿಲೆ?' ಅಂತ ಕೇಳೋರು. ಒಂದು ಮಿನಿಟು ಕೇಳಿ, ಎಲ್ಲಿ ಗೊರಗೊರ ಅಂತೈತಿ ಹೇಳ್ತಿದ್ದೆ" ಎಂದು ನಗುತ್ತಾರೆ.

೨೦೦೪ರಲ್ಲಿ ಬಾಗಿಲು ಮುಚ್ಚಿತು. ಹೆಗಡೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಹುಬ್ಬಳ್ಳಿಯವರು ಯಂತ್ರ ಒಯ್ದರು, ಮೇಜು ಕುರ್ಚಿ ಒಯ್ದರು, ರೀಲುಗಳನ್ನು ಮಾತ್ರ ಇಲ್ಲೇ ಬಿಟ್ಟರು. ಮಮತಾ ಬಟ್ಟೆ ಹೊಲಿದು ಸಂಸಾರ ತೂಗಿಸಿದರು. ಕೋಣೆಯ ಕೀಲಿ ಅವರ ಹತ್ತಿರವೇ ಉಳಿದಿತ್ತು, ಯಾರೂ ವಾಪಸು ಕೇಳಿರಲಿಲ್ಲ. ಹದಿನಾಲ್ಕು ಮಳೆಗಾಲ, ವಾರಕ್ಕೆರಡು ಸಲ ಹೋಗಿ ಕಪಾಟಿನಲ್ಲಿ ಸುಣ್ಣದ ಹರಳಿನ ಗಂಟು ಇಟ್ಟು ಬಂದರು. ಹರಳು ಥಂಡಿ ಹೀರಿ ಪುಡಿಯಾದಾಗ ಬದಲಿಸಿದರು. ಇದನ್ನು ಮಾಡೆಂದು ಯಾರೂ ಹೇಳಿರಲಿಲ್ಲ.

"ಮನ್ಯಾಗ ಬೈತಿದ್ರು, ನಿನಗ್ಯಾಕ ಬೇಕು ಇದು ಅಂತ. ಅಷ್ಟು ಮಂದಿ ಅದ್ರಾಗ ಮಾತಾಡ್ಯಾರ್ರಿ, ಹಾಡ್ಯಾರ. ಹೆಂಗ ಬಿಟ್ಟು ಬರೂದು?"

ಹಳೆಯ ಹಾಡಿಗೆ ಮತ್ತೆ ಬೆಲೆ ಬಂದ ಕಾಲಕ್ಕೆ ಗಗನನಾದದವರು ಹುಡುಕಿಕೊಂಡು ಬಂದಾಗ ಕೋಣೆಯ ಬಾಗಿಲು ತೆರೆದದ್ದು ಆ ಕೀಲಿಯಿಂದಲೇ. ಯಂತ್ರ ಕಳಿಸಿದರು, ಕಂಪ್ಯೂಟರ್ ಕಲಿಸಿದರು, ಮಮತಾರನ್ನೇ ಕೆಲಸಕ್ಕೆ ಇಟ್ಟುಕೊಂಡರು.

ಕಳೆದ ವರ್ಷ ಅವರ ಮುಂದೆ ಬಂದದ್ದು ೧೯೮೮ರ ಒಂದು ರೀಲು. ಅದರಲ್ಲಿದ್ದ ಜೋಗುಳವೊಂದು ಹಳೆಯ ಕ್ಯಾಸೆಟ್ಟಿನಿಂದ ಇಂಟರ್‌ನೆಟ್ಟಿಗೆ ಹೋಗಿ ಲಕ್ಷಾಂತರ ಜನರ ಮೊಬೈಲಿನಲ್ಲಿ ಮೊಳಗುತ್ತಿತ್ತು. ಹಾಡಿನ ಕೆಳಗೆ ಇದ್ದದ್ದು 'ಸಾಂಪ್ರದಾಯಿಕ' ಎಂಬ ಒಂದೇ ಪದ. ಕಂಪನಿಗೆ ಈಗ ಮೂಲ ರೀಲಿನ ಶುದ್ಧ ಪ್ರತಿ ಬೇಕಿತ್ತು. ಮಮತಾ ರೀಲು ಹಚ್ಚಿದರು. ಹಾಡಿಗೆ ಮೊದಲು, ಕ್ಯಾಸೆಟ್ಟಿಗೆ ಹಾಕುವಾಗ ಕತ್ತರಿಸಿದ್ದ ಮಾತು ಕೇಳಿಸಿತು.

"ಹೆಸರು ಹೇಳೇ ತಂಗಿ" ಎಂದು ಹೆಗಡೆಯವರ ದನಿ.

"ತಿಮ್ಮಿ. ಕಾನಸೂರು ಬದಿ."

"ಹಾಡು ಯಾರದ್ದು?"

"ನಂದೇ. ಹಿರೇ ಮಗ ರಚ್ಚೆ ಹಿಡೀತಿದ್ದ. ಅವನ್ನ ಮಲಗ್ಸೂಕೆ ನಾನೇ ಕಟ್ಟದ್ದು."

ಮಮತಾ ಮುಂಬೈಗೆ ಫೋನ್ ಮಾಡಿದರು. ಹಾಡುಗಳ ಪಟ್ಟಿ ನೋಡಿಕೊಳ್ಳುವ ಉಲ್ಲಾಸ ಸಮಾಧಾನದಿಂದಲೇ ಕೇಳಿಸಿಕೊಂಡರು. "ಮೇಡಂ, ಒಪ್ಪಂದದ ಕಾಗದ ಇಲ್ಲದೆ ಹೆಸರು ಸೇರಿಸೋಕೆ ಆಗಲ್ಲ. ಮಾತಿನ ಭಾಗ ತೆಗೆದು ಹಾಡು ಮಾತ್ರ ಕಳಿಸಿಬಿಡಿ" ಎಂದರು.

ಮಮತಾ ಕಳಿಸಲಿಲ್ಲ. ನಲವತ್ತು ವರ್ಷಗಳಲ್ಲಿ ಮೊದಲ ಸಲ ಮೇಲಿನವರು ಹೇಳಿದ ಕೆಲಸ ಬಿಟ್ಟು, ಆ ಭಾನುವಾರ ಕಾನಸೂರಿನ ಬಸ್ಸು ಹತ್ತಿದರು. ಕಂಡಕಂಡ ಅಂಗಡಿಯಲ್ಲಿ ಮೊಬೈಲ್ ಹಿಡಿದು ಆ ದನಿ ಕೇಳಿಸಿದರು. ಐದನೆಯ ಅಂಗಡಿಯಲ್ಲಿ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದ ಯುವತಿ ದಿವ್ಯಾ ತಿರುಗಿ ನೋಡಿದಳು. "ನಮ್ಮ ಅಜ್ಜಿ ಹೆಸರೂ ತಿಮ್ಮಿನೇ" ಎಂದಳು. ಆ ಜೋಗುಳ ಅವಳ ಮೊಬೈಲಿನಲ್ಲೂ ಇತ್ತು. ಹಾಡಿದ್ದು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಎಪ್ಪತ್ತೆಂಟರ ತಿಮ್ಮಿ ಜಗಲಿಯಲ್ಲಿ ಕೂತು, ಮೊಬೈಲನ್ನು ಕಿವಿಗೆ ಒತ್ತಿ ಹಾಡು ಪೂರ್ತಿ ಕೇಳಿದರು. ಖುಷಿಪಡುತ್ತಾರೆಂದು ಮಮತಾ ಕಾದಿದ್ದರು. ಅಜ್ಜಿಯ ಮುಖ ಬಾಡಿತು.

"ದನಿ ನಂದೇ ಹೌದು. ಬಂಗಾರಿ ಎಲ್ಲಿ? ಸೊಲ್ಲು ನಾನು ಎತ್ತೂದು, ಹಿಂದಿಂದ ಹಿಡಿಯೂದು ನನ್ನ ತಂಗಿ ಬಂಗಾರಿ. ಅವಳು ಹೋಗಿ ಹತ್ತು ವರ್ಷ ಆಯ್ತು. ಅವಳ ಹೆಸ್ರು ಇಲ್ದೇ ನನ್ನ ಹೆಸ್ರು ಹಾಕ್ಬೇಡಿ. ನಾಳೆ ನಾನೂ ಅಲ್ಲಿಗೆ ಹೋದ್ರೆ ಅವಳಿಗೆ ಎಂತ ಹೇಳಲಿ?"

ಶಿರಸಿಗೆ ಮರಳಿದ ಮಮತಾ ರೀಲನ್ನು ಮತ್ತೆ ಕೈಗೆತ್ತಿಕೊಂಡರು. ಹಿಂದೆ ದನಿಗೂಡಿಸಿದವಳು ತೀರ ಕ್ಷೀಣವಾಗಿ ಕೇಳುತ್ತಿದ್ದಳು, ಅವಳು ಯಾರೆಂದು ಹೇಳುವ ಗುರುತು ಎಲ್ಲೂ ಇರಲಿಲ್ಲ. ಉಳಿದದ್ದು ರೀಲಿನ ನಡುವಿನ ಉರುಳೆಗೆ ಸುತ್ತಿದ್ದ ಕಡೆಯ ಕೆಲವು ಸುತ್ತು. ಅವು ಬೂಷ್ಟು ಹಿಡಿದು ಬೆಲ್ಲದಂತೆ ಅಂಟಿಕೊಂಡಿದ್ದವು. ಎಳೆದರೆ ಟೇಪಿನ ಮೇಲಿನ ಕಂದು ಪುಡಿ ಕಿತ್ತುಬರುತ್ತದೆ, ಅದರೊಂದಿಗೆ ದನಿಯೂ ಹೋಗುತ್ತದೆ. ಹಾಗೆಂದೇ ಮೊದಲು ಅವರು ಅದನ್ನು ಮುಟ್ಟಿರಲಿಲ್ಲ.

ಮೂರು ದಿನ ಬಿಸಿ ಪೆಟ್ಟಿಗೆಯಲ್ಲಿಟ್ಟರು. ನಾಲ್ಕನೆಯ ಬೆಳಿಗ್ಗೆ ಯಂತ್ರ ಬಿಟ್ಟು ಕೈಯಿಂದಲೇ ಬಿಡಿಸಲು ಕೂತರು. ಒಂದೊಂದು ಗೇಣಿಗೆ ಐದು ನಿಮಿಷ. "ಉಸಿರು ಬಿಡಾಕೂ ಅಂಜಿಕಿ ಆಗ್ತಿತ್ರಿ. ನಡುವ ಒಂದು ಕಡೆ ಕಿತ್ತೇಬಿಡ್ತು. ಕಣ್ಣಾಗ ನೀರು ಬಂದ್ವು" ಎಂದು ಆ ಬೆಳಗನ್ನು ನೆನೆಯುತ್ತಾರೆ. ಕಿತ್ತ ಜಾಗದಲ್ಲಿ ಎರಡು ಕ್ಷಣ ಖಾಲಿ. ಅದರ ಮುಂದೆ, ಹಾಡು ಮುಗಿದ ಮೇಲೂ ಹೆಗಡೆಯವರು ಆರಿಸದೆ ಬಿಟ್ಟಿದ್ದ ಯಂತ್ರ ಹಿಡಿದಿಟ್ಟ ಮಾತಿತ್ತು.

"ಬಂಗಾರಿ, ಸರಿ ಬಂತೇನೇ?"

"ಎಂತ ಸರಿ? ಕಡೀಗೆ ನೀನು ಎಳ್ದದ್ದು ಜಾಸ್ತಿ ಆತು. ನನಗೆ ಉಸ್ರೇ ಸಾಲ್ಲಿಲ್ಲ!"

ಆಮೇಲೆ ಇಬ್ಬರದೂ ನಗು.

ಮೊದಲ ಮಾತು, ಹಾಡು, ಕಡೆಯ ನಗು, ಮೂರನ್ನೂ ಕತ್ತರಿಸದೆ ಮಮತಾ ಮುಂಬೈಗೆ ಕಳಿಸಿದರು. ಅರ್ಧ ತಾಸಿನಲ್ಲಿ ಉಲ್ಲಾಸರ ಫೋನ್ ಬಂತು. "ಮೂರು ಸಲ ಕೇಳಿದೆ ಮೇಡಂ. ಕಾಗದ ಬೇಡ, ಇದೇ ಸಾಕ್ಷಿ ಅಂತ ನಾನು ಹೇಳ್ತೀನಿ" ಎಂದರು. ಹೇಳಿದರು ಕೂಡ. ವಕೀಲರು, ಸಹಿಗಳು, ಎಂಟು ತಿಂಗಳ ಓಡಾಟ. ಕಳೆದ ಮಾರ್ಚಿನಲ್ಲಿ ಹಾಡಿನ ಕೆಳಗಿನ 'ಸಾಂಪ್ರದಾಯಿಕ' ಹೋಯಿತು. ರಚನೆ ತಿಮ್ಮಿ, ಗಾಯನ ತಿಮ್ಮಿ ಮತ್ತು ಬಂಗಾರಿ, ಕಾನಸೂರು ಎಂದು ಬಂತು. ದಿವ್ಯಾ ಅದನ್ನು ಓದಿ ಹೇಳಿದಾಗ ಅಜ್ಜಿ ಇನ್ನೊಮ್ಮೆ ಓದಿಸಿದರಂತೆ, ತಂಗಿಯ ಹೆಸರಷ್ಟನ್ನು.

ದುರಸ್ತಿ ಮಾಡಿದವರೆಂದು ನಿಮ್ಮ ಹೆಸರನ್ನೂ ಹಾಕಲೇ ಎಂದು ಉಲ್ಲಾಸ ಕೇಳಿದ್ದರು. ಮಮತಾ ಬೇಡವೆಂದರು. ಕೇಳಿದರೆ ಈಗಲೂ ನಾಚುತ್ತಾರೆ. "ನಾ ಬೂಷ್ಟು ಒರೆಸಿದಾಕಿ ಅಷ್ಟ. ಹಾಡಿದ್ದು ಅವ್ರು."

ಗಿರಣಿ ಶುರುವಾಗುವ ಹೊತ್ತಾಯಿತು. ಮಮತಾ ಯಂತ್ರ ಆರಿಸಿ, ಕಪಾಟಿನಿಂದ ಬೇರೊಂದು ರೀಲು ತೆಗೆಯುತ್ತಾರೆ. ಡಬ್ಬಿಯ ಮೇಲೆ 'ಡೋಲು, ಯಲ್ಲಾಪುರ' ಎಂದಷ್ಟೇ ಬರೆದಿದೆ. ಇಂಥ ಹೆಸರಿಲ್ಲದ ಡಬ್ಬಿಗಳು ಮುನ್ನೂರಕ್ಕೂ ಹೆಚ್ಚಿವೆ.

"ಆ ಕಾಲಕ್ಕ ಅಲ್ಲಿ ಡೋಲು ಬಾರಿಸ್ತಿದ್ದವ್ರು ಒಬ್ರು ಇನ್ನೂ ಅದಾರಂತ್ರಿ, ವಯಸ್ಸಾಗೈತಂತ. ಭಾನುವಾರ ಯಲ್ಲಾಪುರದ ಬಸ್ಸಿಗೆ ಹೊಂಟೀನಿ. ಹಾಡಿದವ್ರು, ಬಾರಿಸಿದವ್ರು ಇರೂದ್ರೊಳಗ ಹೋಗಿ, ನಿಮ್ಮ ಹೆಸರೇನ್ರಿ ಅಂತ ಕೇಳಬೇಕು. ಅಷ್ಟ ನನ್ನ ಆಸಿ."